ಕಲ್ಲು ಒಂದೆಡೆ, ಓದು ಇನ್ನೊಂದೆಡೆ



ಯಾವುದೇ ಊರಿನ ಮೊದಲ ದಾಖಲೆ ಅದರ ಹೆಸರು. ಹೊರಕೆರೆದೇವಪುರ ಎಂಬ ಹೆಸರನ್ನು ಬಿಡಿಸಿ ನೋಡಿದರೆ ಕೆರೆ, ದೇವರು, ಪುರ ಮೂರೂ ಸಿಗುತ್ತವೆ. ಬಯಲುಸೀಮೆಯಲ್ಲಿ ಊರು ಕಟ್ಟುವ ಕ್ರಮವೂ ಹೆಚ್ಚುಕಡಿಮೆ ಇದೇ ಆಗಿತ್ತು. ಮೊದಲು ನೀರು ನಿಲ್ಲಬೇಕು, ನೀರಿನ ಬಳಿ ದೇವರು ನೆಲೆಯಾಗಬೇಕು, ಆಮೇಲೆ ಜನ ನಿಲ್ಲಬೇಕು. ಇಂದು ಜನರ ಮಾತಿನಲ್ಲಿ, ನಾಮಫಲಕಗಳಲ್ಲಿ ಈ ಹೆಸರು ‘ಎಚ್.ಡಿ. ಪುರ’ ಎಂದಾಗಿದೆ. ಹೊರಗಿನಿಂದ ಬಂದವರು ಇದು ಯಾರೋ ಗಣ್ಯರ ಹೆಸರಿನ ಮೊದಲಕ್ಷರಗಳಿರಬೇಕೆಂದು ತಿಳಿದರೆ ಅವರನ್ನು ದೂರುವಂತಿಲ್ಲ. ಎರಡು ಅಕ್ಷರಗಳ ಸಂಕ್ಷೇಪದಲ್ಲಿ ಕೆರೆಯೂ ಹೋಯಿತು, ದೇವರೂ ಹೋದರು, ಪುರವೊಂದು ಉಳಿಯಿತು. ಹೊರಕೆರೆದೇವಪುರ, ಹೊರಕೆರೆದೇವರಪುರ, ಎಚ್.ಡಿ. ಪುರ ಹೀಗೆ ಒಂದೇ ಊರು ಮೂರು ರೂಪಗಳಲ್ಲಿ ಬರೆಯಲ್ಪಡುತ್ತದೆ. ಹಳೆಯ ಸೂಚಿಗಳಲ್ಲಿ ಹುಡುಕುವವನು ಒಂದು ರೂಪವನ್ನು ಮಾತ್ರ ಬಲ್ಲವನಾದರೆ ಉಳಿದೆರಡು ಕಡೆ ಇರುವುದು ಅವನ ಕಣ್ಣಿಗೆ ಬೀಳುವುದಿಲ್ಲ.

ಇದು ಸಣ್ಣ ಸಂಗತಿ. ಆದರೆ ಸ್ಥಳೀಯ ಚರಿತ್ರೆ ಕಳೆದುಹೋಗುವುದು ಸಾಮಾನ್ಯವಾಗಿ ಹೀಗೆಯೇ. ಅದನ್ನು ಯಾರೂ ಒಂದೇ ದಿನದಲ್ಲಿ ನಾಶಮಾಡುವುದಿಲ್ಲ. ಅದು ಹಲವು ಕೈಗಳಲ್ಲಿ ತುಂಡು ತುಂಡಾಗಿ ಹಂಚಿಹೋಗಿರುತ್ತದೆ. ಒಂದು ತುಂಡು ಇರುವವರಿಗೆ ಇನ್ನೊಂದು ತುಂಡು ಯಾರ ಬಳಿ ಇದೆಯೆಂಬುದು ತಿಳಿಯದೆ, ಕಾಲಾನಂತರದಲ್ಲಿ ಎರಡೂ ಅರ್ಥ ಕಳೆದುಕೊಳ್ಳುತ್ತವೆ. ಪ್ರಾದೇಶಿಕ ಇತಿಹಾಸವನ್ನು ಉಳಿಸಲು ಹೊರಟ ಸಂಸ್ಥೆಗಳು ಕೂಡಿ ಕೆಲಸಮಾಡಬೇಕು ಎಂಬ ಮಾತಿನ ಹಿಂದೆ ಇರುವ ಕಾರಣ ಇದು. ಒಗ್ಗಟ್ಟು ಒಳ್ಳೆಯದೆಂಬ ಸಾಮಾನ್ಯ ನೀತಿಗಿಂತ ಹೆಚ್ಚಿನ ಅಗತ್ಯ ಇದರಲ್ಲಿದೆ. ಚರಿತ್ರೆಯ ಸಾಮಗ್ರಿಯೇ ಹಂಚಿಹೋಗಿರುವಾಗ ಯಾರೊಬ್ಬರೂ ಅದನ್ನು ಒಂಟಿಯಾಗಿ ಉಳಿಸಲಾರರು.

ಹಂಚಿಹೋದ ದಾಖಲೆ

ಹೊಳಲ್ಕೆರೆ ತಾಲ್ಲೂಕಿಗೆ ಸೇರಿದ ಈ ಊರು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ನಾಲ್ಕು ತಾಲ್ಲೂಕು ಕೇಂದ್ರಗಳ ನಡುವಿನ ಸೀಮೆಯಲ್ಲಿದೆ. ಸುತ್ತಿನವರು ಇದನ್ನು ಲಕ್ಷ್ಮೀನರಸಿಂಹಸ್ವಾಮಿಯ ಊರೆಂದು ಬಲ್ಲರು. ಇಲ್ಲಿನ ಶಾಲೆಯ ಉಪಾಧ್ಯಾಯರೊಬ್ಬರು ಮಕ್ಕಳಿಗಾಗಿ ಊರಿನ ಚರಿತ್ರೆ ಬರೆಯಲು ಹೊರಟರೆಂದು ಇಟ್ಟುಕೊಳ್ಳೋಣ. ಅವರು ಎಲ್ಲೆಲ್ಲಿಗೆ ಹೋಗಬೇಕಾದೀತು?

ಶಾಸನಗಳಿಗಾಗಿ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೊಂದನೆಯ ಸಂಪುಟವನ್ನು ತೆಗೆಯಬೇಕು. ಬಿ.ಎಲ್. ರೈಸ್ ಅವರು 1903ರಲ್ಲಿ ಹೊರತಂದ ಈ ಸಂಪುಟದಲ್ಲಿ ಅಂದಿನ ಚಿತ್ರದುರ್ಗ ಜಿಲ್ಲೆಯ ಶಾಸನಗಳಿವೆ. ಅದರಾಚೆಗೆ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳನ್ನು ನೋಡಬೇಕು. ಪಾಳೆಯಗಾರರ ಕಾಲದ ಸ್ಥಳವೃತ್ತಾಂತಗಳು ಬೇಕೆಂದರೆ ಕರ್ನಲ್ ಮೆಕೆಂಜಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸಂಗ್ರಹಿಸಿದ ಕೈಫಿಯತ್ತುಗಳತ್ತ ತಿರುಗಬೇಕು. ಇವುಗಳ ಕಾಗದಗಳು ಬಹುಕಾಲ ಮದರಾಸಿನ ಹಸ್ತಪ್ರತಿ ಭಂಡಾರದಲ್ಲಿದ್ದು, ಕನ್ನಡ ಕೈಫಿಯತ್ತುಗಳ ದೊಡ್ಡ ಸಂಪುಟವೊಂದು ಎಂ.ಎಂ. ಕಲಬುರ್ಗಿ ಅವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ 1994ರಲ್ಲಿ ಪ್ರಕಟವಾಯಿತು. ಜಮೀನಿನ ಇನಾಮು, ಕೆರೆಯ ಅಚ್ಚುಕಟ್ಟಿನ ವಿವರಗಳಿಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ಕೋಣೆಯೇ ಗತಿ. ದೇವಸ್ಥಾನದ ಆಚರಣೆಗಳನ್ನು ಅರ್ಚಕರ, ಶಾನುಭೋಗರ ಮನೆಗಳಲ್ಲಿ ಕೇಳಬೇಕು. ಓಲೆಗರಿ ಹಾಗೂ ಕಡತಗಳು ಮಠಗಳಲ್ಲಿ, ಮನೆಗಳ ಅಟ್ಟದಲ್ಲಿ ಇರಬಹುದು. ‘ಕಡತ’ ಎಂದರೆ ಇಂದು ಕಚೇರಿಯ ಫೈಲು. ಹಿಂದೆ ಅದು ಹುಣಸೆಬೀಜದ ಸರಿ ಬಳಿದು ಕಪ್ಪುಮಾಡಿದ ಬಟ್ಟೆಯನ್ನು ಮಡಿಸಿ ಮಾಡಿದ ಲೆಕ್ಕದ ಪುಸ್ತಕವಾಗಿತ್ತು. ಪದ ಉಳಿಯಿತು, ವಸ್ತು ಅಪರೂಪವಾಯಿತು.

ಇಷ್ಟಾದರೂ ಕೆಲಸ ಮುಗಿಯುವುದಿಲ್ಲ. ಬರಹಕ್ಕೆ ಇಳಿಯದ ಚರಿತ್ರೆ ಹಟ್ಟಿಗಳಲ್ಲಿದೆ. ಈ ಸೀಮೆಯ ಕಾಡುಗೊಲ್ಲರು, ಮ್ಯಾಸಬೇಡರು ತಮ್ಮ ವೀರರ ಕಥೆಗಳನ್ನು ಹಾಡಿನಲ್ಲಿ ಇಟ್ಟುಕೊಂಡು ಬಂದವರು. ಜುಂಜಪ್ಪನ ಕಾವ್ಯ ಯಾವ ಕಲ್ಲಿನ ಮೇಲೂ ಬರೆದದ್ದಲ್ಲ; ಅದು ಗಣೆಯ ನಾದದೊಂದಿಗೆ ಬಾಯಿಂದ ಬಾಯಿಗೆ ಬಂದದ್ದು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಅವರ ನೆನಪಿನಲ್ಲಿದ್ದ ಹಾಡುಗಳು ಸಾವಿರಗಳ ಲೆಕ್ಕದವು. ಕೃಷ್ಣಮೂರ್ತಿ ಹನೂರರು ಅವನ್ನು ಕೇಳಿ, ಬರೆದುಕೊಂಡು, ‘ಸಾವಿರದ ಸಿರಿಬೆಳಗು’ ಎಂಬ ಸಂಗ್ರಹವಾಗಿ ತಂದರು. ಕನ್ನಡ ವಿಶ್ವವಿದ್ಯಾಲಯ ಆ ತಾಯಿಗೆ ನಾಡೋಜ ಗೌರವ ನೀಡಿತು. ಒಂದು ಹಟ್ಟಿ, ಒಬ್ಬ ಹಾಡುಗಾರ್ತಿ, ಒಬ್ಬ ಅಧ್ಯಾಪಕ, ಒಂದು ವಿಶ್ವವಿದ್ಯಾಲಯ ಒಂದೇ ಎಳೆಯಲ್ಲಿ ಬಂದದ್ದರಿಂದ ಆ ಹಾಡುಗಳು ಇಂದು ಓದಲು ಸಿಗುತ್ತವೆ. ಹೀಗೆ ಎಳೆ ಕೂಡಿಬಾರದ ಹಟ್ಟಿಗಳಲ್ಲಿ ಹಾಡಿದವರೊಡನೆ ಹಾಡೂ ಮಣ್ಣಾಗಿದೆ.

ತಾಲ್ಲೂಕಿನ ಗೆರೆ ಮತ್ತು ಚರಿತ್ರೆಯ ಗೆರೆ

ಆಡಳಿತದ ಅನುಕೂಲಕ್ಕಾಗಿ ಎಳೆದ ಗೆರೆಗಳು ಚರಿತ್ರೆಯ ಗೆರೆಗಳಲ್ಲ. ರೈಸ್ ಅವರ ಸಂಪುಟದಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಡಲಾಗಿದೆ. ಅದು ಆ ಕಾಲಕ್ಕೆ ಅನುಕೂಲವಾದ ಕ್ರಮವೇ. ಆದರೆ 1903ರ ಚಿತ್ರದುರ್ಗ ಜಿಲ್ಲೆ ಇಂದಿನ ಚಿತ್ರದುರ್ಗ ಜಿಲ್ಲೆಯಲ್ಲ. 1997ರ ಆಗಸ್ಟ್ 15ರಂದು ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಯಿತು. ದಾವಣಗೆರೆ, ಹರಿಹರ, ಜಗಳೂರು ಆ ಕಡೆಗೆ ಹೋದವು. ಹರಿಹರದ ಹರಿಹರೇಶ್ವರನ ಶಾಸನಗಳನ್ನು ಹುಡುಕುವವರು ಇಂದಿಗೂ ಹಳೆಯ ಚಿತ್ರದುರ್ಗ ಸಂಪುಟವನ್ನೇ ತೆಗೆಯಬೇಕು. ಚಿತ್ರದುರ್ಗದ ನಾಯಕರ ಮೂಲವನ್ನು ಹುಡುಕುವವರು ದಾವಣಗೆರೆಯ ಕಡೆಯ ಮತ್ತಿ, ನೀರ್ಥಡಿಗಳಿಗೂ ಹೊಳಲ್ಕೆರೆಗೂ ಹೋಗಬೇಕು. ಏಕೆಂದರೆ ಮತ್ತಿ ತಿಮ್ಮಣ್ಣನಾಯಕನ ಹೆಸರು ದುರ್ಗಕ್ಕೆ ಬರುವ ಮುನ್ನ ಈ ಊರುಗಳೊಡನೆ ಹೆಣೆದುಕೊಂಡಿದೆ. 1779ರಲ್ಲಿ ದುರ್ಗ ಹೈದರಾಲಿಯ ವಶವಾಗುವವರೆಗೆ ನಡೆದ ಆ ವಂಶದ ಆಳ್ವಿಕೆಯ ಕುರುಹುಗಳು ಕೋಟೆಯ ಒಳಗೆ ಎಷ್ಟಿವೆಯೋ ಸುತ್ತಲಿನ ಹಳ್ಳಿಗಳಲ್ಲೂ ಅಷ್ಟೇ ಇವೆ.

ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಮಾರಿಕಣಿವೆಯದು. ವೇದಾವತಿಗೆ ಅಡ್ಡಲಾಗಿ 1898ರಿಂದ 1907ರ ಅವಧಿಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರದ ಅಣೆಕಟ್ಟು ಇರುವುದು ಹಿರಿಯೂರು ತಾಲ್ಲೂಕಿನಲ್ಲಿ. ಅದರ ಹಿನ್ನೀರು ಹರಡುವುದು ಹೊಸದುರ್ಗ ತಾಲ್ಲೂಕಿನ ಕಡೆಗೆ. ನೀರು ಪಡೆದವರ ಚರಿತ್ರೆ ಒಂದು ತಾಲ್ಲೂಕಿನಲ್ಲಿ, ನೆಲ ಬಿಟ್ಟವರ ಚರಿತ್ರೆ ಇನ್ನೊಂದರಲ್ಲಿ. ಅಣೆಕಟ್ಟಿನ ನಕ್ಷೆ, ಮಟ್ಟದ ಅಳತೆಗಳು ನೀರಾವರಿ ಇಲಾಖೆಯಲ್ಲಿದ್ದರೆ, ಮುಳುಗಿದ ನೆಲದ ನೆನಪು ಕುಟುಂಬಗಳಲ್ಲಿದೆ. 1933ರ ಬಳಿಕ 2022ರಲ್ಲಿ ಈ ಜಲಾಶಯ ಮತ್ತೆ ಕೋಡಿ ಬಿತ್ತು. ನಾಡಿಗೆ ಅದು ಹಬ್ಬ. ಆದರೆ ಎರಡು ಮೂರು ತಲೆಮಾರು ಕಾಣದಿದ್ದ ನೀರು ಹಿನ್ನೀರಿನ ಅಂಚಿನ ತೋಟ, ಹೊಲ, ರಸ್ತೆಗಳಿಗೆ ಬಂದಾಗ, ಹಿಂದೆ ನೀರು ಎಲ್ಲಿಯವರೆಗೆ ನಿಂತಿತ್ತು ಎಂಬುದು ಬದುಕಿನ ಪ್ರಶ್ನೆಯಾಯಿತು. ಇಂಥ ಪ್ರಶ್ನೆಗೆ ಕಚೇರಿಯ ಕಾಗದವೂ ಅಜ್ಜನ ಮಾತೂ ಒಟ್ಟಿಗೆ ಬೇಕು. ಸ್ಥಳೀಯ ಚರಿತ್ರೆ ವಿರಾಮದ ವೇಳೆಯ ಹವ್ಯಾಸವೆಂದು ತಿಳಿದವರು ಈ ಒಂದು ಸಂಗತಿಯನ್ನು ಗಮನಿಸಬಹುದು.

ಒಬ್ಬೊಬ್ಬರೇ ಹೊತ್ತ ಹೊರೆ

ಚಿತ್ರದುರ್ಗದ ಇತಿಹಾಸಕ್ಕೆ ದುಡಿದವರ ಪರಂಪರೆ ದೊಡ್ಡದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ರೈಸ್ ಪತ್ತೆಮಾಡಿ 1892ರಲ್ಲಿ ಲೋಕಕ್ಕೆ ತಿಳಿಸಿದಾಗ ಮೌರ್ಯರ ಆಳ್ವಿಕೆ ಕನ್ನಡ ನೆಲದವರೆಗೆ ಚಾಚಿತ್ತೆಂಬುದು ಸ್ಥಿರಪಟ್ಟಿತು. ಆ ಶಾಸನದಲ್ಲಿ ಇಸಿಲ ಎಂಬ ಪಟ್ಟಣದ ಹೆಸರಿದೆ. ಚಪಡ ಎಂಬ ಲಿಪಿಕಾರನ ಸಹಿಯೂ ಇದೆ. ಎಂ.ಎಚ್. ಕೃಷ್ಣ ಅವರು ಚಂದ್ರವಳ್ಳಿ, ಬ್ರಹ್ಮಗಿರಿಗಳಲ್ಲಿ ಅಗೆತ ನಡೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಇದೇ ಎರಡು ನೆಲೆಗಳಲ್ಲಿ ಉತ್ಖನನ ಮಾಡಿ ದಕ್ಷಿಣ ಭಾರತದ ಪ್ರಾಚೀನ ಸಂಸ್ಕೃತಿಗಳಿಗೆ ಕಾಲಕ್ರಮವನ್ನು ಕಟ್ಟಲು ಯತ್ನಿಸಿದರು.

ಇವರೆಲ್ಲ ಸರ್ಕಾರದ ಬೆಂಬಲವಿದ್ದ ವಿದ್ವಾಂಸರು. ಇನ್ನೊಂದು ಸಾಲಿನವರು ತಮ್ಮ ಕೈಯಿಂದಲೇ ಹಣ, ಶ್ರಮ ಹಾಕಿ ದುಡಿದವರು. ಹುಲ್ಲೂರು ಶ್ರೀನಿವಾಸ ಜೋಯಿಸರು ಊರೂರು ಅಲೆದು ಓಲೆಗರಿ, ಕಡತ, ನಾಣ್ಯ, ಆಯುಧಗಳನ್ನು ಕೂಡಿಹಾಕಿದರು. ದುರ್ಗದ ರಂಗಯ್ಯನ ಬಾಗಿಲಿನ ವಸ್ತುಸಂಗ್ರಹಾಲಯಕ್ಕೆ ಅವರ ಸಂಗ್ರಹವೇ ತಳಹದಿ. ಎಂ.ಎಸ್. ಪುಟ್ಟಣ್ಣನವರು ಚಿತ್ರದುರ್ಗದ ಪಾಳೆಯಗಾರರ ಚರಿತ್ರೆಯನ್ನು ಕನ್ನಡದಲ್ಲಿ ಬರೆದರು. ತ.ರಾ.ಸು. ಅವರು ಅದೇ ಸಾಮಗ್ರಿಯಿಂದ ಕಾದಂಬರಿಗಳ ಸರಣಿಯನ್ನೇ ಕಟ್ಟಿದರು. ಅವರ ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಲೇಖಕರು ಇರಲಿಲ್ಲ. ಸಂಗ್ರಾಹಕ, ಚರಿತ್ರಕಾರ, ಕಾದಂಬರಿಕಾರ ಈ ಮೂವರ ಕೆಲಸ ಒಂದಕ್ಕೊಂದು ಆಸರೆಯಾದುದರಿಂದಲೇ ಮದಕರಿನಾಯಕ, ಓಬವ್ವರ ಹೆಸರು ಮನೆಮಾತಾಯಿತು.

ಆದರೆ ಈ ಪರಂಪರೆಯಲ್ಲಿ ಒಂದು ಕೊರತೆಯೂ ಇದೆ. ಬೆಳಕು ಬಿದ್ದದ್ದು ಹೆಚ್ಚಾಗಿ ಕೋಟೆಯ ಮೇಲೆ. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿ ಇದೆ. ಹಿರಿಯೂರಿನ ತೇರುಮಲ್ಲೇಶ್ವರ ಗುಡಿಯ ಮಾಳಿಗೆಯಲ್ಲಿ ಪುರಾಣಕಥೆಗಳ ಚಿತ್ರಗಳಿವೆ. ಬಾಗೂರಿನ ಗುಡಿ, ಹೊಳಲ್ಕೆರೆಯ ಬಯಲು ಗಣಪತಿ, ಹೊರಕೆರೆದೇವಪುರದ ನರಸಿಂಹ ಇವೆಲ್ಲ ಭಕ್ತರಿಗೆ ಗೊತ್ತು; ಇತಿಹಾಸದ ಓದುಗರಿಗೆ ಅಷ್ಟಾಗಿ ಗೊತ್ತಿಲ್ಲ. ಅಲ್ಲದೆ, ಒಬ್ಬ ವ್ಯಕ್ತಿ ಜೀವಮಾನವೆಲ್ಲ ಕೂಡಿಟ್ಟದ್ದು ಅವನ ನಂತರ ಸಂಸ್ಥೆಯೊಂದರ ಕೈಗೆ ಸೇರದಿದ್ದರೆ ಒಂದೇ ಮಳೆಗಾಲದಲ್ಲಿ ಗೆದ್ದಲಿನ ಪಾಲಾಗುತ್ತದೆ. ಜೋಯಿಸರ ಸಂಗ್ರಹ ವಸ್ತುಸಂಗ್ರಹಾಲಯವಾಯಿತು. ಅಂಥ ಅದೃಷ್ಟ ಎಲ್ಲ ಸಂಗ್ರಹಗಳಿಗೂ ಇರುವುದಿಲ್ಲ.

ಕಲ್ಲು ಏಕೆ ಉಳಿಯಬೇಕು

ಶಾಸನಗಳೆಲ್ಲ ಅಚ್ಚಾಗಿವೆಯಲ್ಲ, ಇನ್ನು ಕಲ್ಲು ಏಕೆ ಬೇಕು ಎಂದು ಕೇಳುವವರಿದ್ದಾರೆ. ಇದಕ್ಕೆ ಚಂದ್ರವಳ್ಳಿಯೇ ಉತ್ತರ. ಅಲ್ಲಿನ ಭೈರವೇಶ್ವರ ಗುಡಿಯ ಬಳಿ ಬಂಡೆಯ ಮೇಲಿರುವ ಮೂರು ಸಾಲಿನ ಪ್ರಾಕೃತ ಶಾಸನವನ್ನು ಎಂ.ಎಚ್. ಕೃಷ್ಣ ಅವರು 1929ರ ವರದಿಯಲ್ಲಿ ಪ್ರಕಟಿಸಿದರು. ಕದಂಬ ಮಯೂರಶರ್ಮನು ಕೆರೆಯೊಂದನ್ನು ಮಾಡಿಸಿದ ವಿಷಯ ಅದರಲ್ಲಿದೆ. ಅವನು ಸೋಲಿಸಿದ ರಾಜ್ಯಗಳ ಪಟ್ಟಿಯೂ ಇದೆ ಎಂದು ಕೃಷ್ಣ ಓದಿದರು. ಪಠ್ಯಪುಸ್ತಕಗಳು ಆ ಪಟ್ಟಿಯನ್ನು ಒಪ್ಪಿಕೊಂಡವು. ಮುಂದೆ ಬೇರೆ ವಿದ್ವಾಂಸರು ಬಂಡೆಯ ಎದುರು ಮತ್ತೆ ಕುಳಿತು ಅಕ್ಷರಗಳನ್ನು ಓದಿದಾಗ ಆ ಪಟ್ಟಿಯ ಬಗ್ಗೆ ಗಂಭೀರ ಸಂದೇಹಗಳು ಎದ್ದವು. ಯಾರ ಓದು ಸರಿ ಎಂಬುದು ತಜ್ಞರ ಚರ್ಚೆಗೆ ಬಿಟ್ಟ ವಿಷಯ. ಆದರೆ ಆ ಚರ್ಚೆ ನಡೆಯುವುದು ಸಾಧ್ಯವಾದದ್ದು ಬಂಡೆ ಅಲ್ಲೇ ಇದ್ದುದರಿಂದ. ಕಲ್ಲು ಹೋಗಿದ್ದರೆ ಮೊದಲ ಓದೇ ಕೊನೆಯ ಓದಾಗುತ್ತಿತ್ತು. ತಪ್ಪಿದ್ದರೆ ತಪ್ಪೇ ಸತ್ಯವಾಗಿ ನಿಲ್ಲುತ್ತಿತ್ತು.

ಅಚ್ಚಾದ ಪಾಠ, ಕಾಗದದ ಮೇಲಿನ ಪಡಿಯಚ್ಚು, ಸ್ಥಳದಲ್ಲಿರುವ ಕಲ್ಲು ಈ ಮೂರೂ ಬೇಕು. ಇಂದು ಪಾಠ ಗ್ರಂಥಾಲಯದಲ್ಲಿದೆ, ಪಡಿಯಚ್ಚು ಮೈಸೂರಿನಂಥ ಕಡೆ ಇಲಾಖೆಯ ಭಂಡಾರದಲ್ಲಿರುತ್ತದೆ, ಕಲ್ಲು ಯಾರದೋ ಹೊಲದ ಬದುವಿನಲ್ಲಿದೆ. ಹೊಲದವರಿಗೆ ಪುಸ್ತಕದ ಸುದ್ದಿ ತಿಳಿಯದು, ಪುಸ್ತಕ ಓದಿದವರಿಗೆ ಹೊಲ ತಿಳಿಯದು. ಕಲ್ಲನ್ನು ಕಿತ್ತು ಕಾಲುವೆಗೆ ಸೇತುವೆ ಮಾಡಿದಾಗ ಇಬ್ಬರಿಗೂ ನಷ್ಟದ ಅರಿವಾಗುವುದಿಲ್ಲ.

ಅಪಾಯ ಬರುವ ದಾರಿಗಳು

ಅಪಾಯ ಎಂದೊಡನೆ ಜನರಿಗೆ ನೆನಪಾಗುವುದು ನಿಧಿಗಳ್ಳರು. ವೀರಗಲ್ಲಿನ ಬುಡದಲ್ಲಿ, ನಂದಿಯ ಹೊಟ್ಟೆಯಲ್ಲಿ ಕೊಪ್ಪರಿಗೆ ಹೊನ್ನಿದೆಯೆಂಬ ಭ್ರಮೆ ಕರ್ನಾಟಕದ ಎಷ್ಟೋ ಪಾಳುಗುಡಿಗಳನ್ನು ಬಲಿ ತೆಗೆದುಕೊಂಡಿದೆ. ಅಲ್ಲಿದ್ದ ನಿಜವಾದ ನಿಧಿ ಅವರು ಒಡೆದುಹಾಕಿದ ಕಲ್ಲೇ ಆಗಿತ್ತು. ಆದರೆ ಕೆಟ್ಟ ಉದ್ದೇಶವಿಲ್ಲದವರಿಂದ ಆಗುವ ಹಾನಿ ಇದಕ್ಕೆ ಕಡಿಮೆಯದಲ್ಲ. ಜಾತ್ರೆಗೆಂದು ಭಕ್ತಿಯಿಂದ ಬಳಿದ ಬಣ್ಣ ಶಾಸನದ ಅಕ್ಷರಗಳನ್ನು ತುಂಬಿಬಿಡುತ್ತದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಕಂಬ ತೆಗೆದು ಕಾಂಕ್ರೀಟು, ಟೈಲ್ಸ್ ಹಾಕಲಾಗುತ್ತದೆ. ಕೆರೆಯ ಹೂಳೆತ್ತುವಾಗ ಜೆಸಿಬಿ ತೂಬಿನ ಬಳಿಯ ಕಲ್ಲನ್ನು ಏರಿಯ ಮಣ್ಣಿನಡಿ ಸೇರಿಸುತ್ತದೆ. ಮನೆ ಬಿಚ್ಚಿ ಕಟ್ಟುವಾಗ ಅಟ್ಟದ ಓಲೆಗರಿ ಕಟ್ಟುಗಳು ಒಲೆಗೆ ಹೋಗುತ್ತವೆ ಅಥವಾ ಪುಣ್ಯವೆಂದು ಹೊಳೆಗೆ ಬೀಳುತ್ತವೆ.

ಕಾನೂನು ಇಲ್ಲವೆಂದಲ್ಲ. ಕೇಂದ್ರದ 1958ರ ಕಾಯಿದೆ, ರಾಜ್ಯದ 1961ರ ಕಾಯಿದೆ ಸಂರಕ್ಷಿತ ಸ್ಮಾರಕಗಳನ್ನು ಕಾಯುತ್ತವೆ. 1976ರಲ್ಲಿ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ಪರಂಪರೆಯನ್ನು ಗೌರವಿಸಿ ಉಳಿಸುವುದೂ ಒಂದು. ಆದರೆ ‘ಸಂರಕ್ಷಿತ’ ಎಂಬ ಪಟ್ಟಿಗೆ ಸೇರಿದವು ಕೆಲವೇ. ಊರಮುಂದಿನ ವೀರಗಲ್ಲು, ಮಾಸ್ತಿಗಲ್ಲು, ಗಡಿಯ ಲಿಂಗಮುದ್ರೆ ಕಲ್ಲುಗಳ ಪೈಕಿ ಬಹುಪಾಲು ಆ ಪಟ್ಟಿಯ ಹೊರಗಿವೆ. ಇನ್ನು ಹೊಣೆಗಾರಿಕೆಯ ವಿಷಯ ನೋಡಿ. ದುರ್ಗದ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯದು, ವಸ್ತುಸಂಗ್ರಹಾಲಯ ರಾಜ್ಯದ ಪುರಾತತ್ವ ಇಲಾಖೆಯದು, ಎಷ್ಟೋ ದೇವಸ್ಥಾನಗಳು ಮುಜರಾಯಿಯವು, ಕೆರೆಗಳು ಪಂಚಾಯಿತಿ ಇಲ್ಲವೇ ಸಣ್ಣ ನೀರಾವರಿಯವು, ಹೊಲ ರೈತನದು. ಕೆರೆಯ ಏರಿಯ ಮೇಲೆ ದೇವಸ್ಥಾನದ ದತ್ತಿಯನ್ನು ಹೇಳುವ ಶಾಸನವೊಂದಿದ್ದರೆ ಅದು ಯಾರದು? ಎಲ್ಲರದೂ ಎಂದರೆ ಯಾರದೂ ಅಲ್ಲ ಎಂದಾಗುವುದು ಇಲ್ಲಿಯೇ.

ಕೂಡಿ ಮಾಡಿದವರು

ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ರಾಜ್ಯದಲ್ಲೇ ಉದಾಹರಣೆಗಳಿವೆ. ರೈಸ್ ದಾಖಲಿಸಿದ್ದ ಬೆಂಗಳೂರಿನ ಶಾಸನಕಲ್ಲುಗಳು ನಗರ ಬೆಳೆದಂತೆ ಒಂದೊಂದಾಗಿ ಕಾಣೆಯಾದವು. ಬೇರೆ ಬೇರೆ ವೃತ್ತಿಯ ನಾಗರಿಕರು ಹಳೆಯ ಸಂಪುಟ ಹಿಡಿದು ಅವನ್ನು ಬಡಾವಣೆ ಬಡಾವಣೆಗಳಲ್ಲಿ ಹುಡುಕತೊಡಗಿದರು. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಕಿತ್ತಯ್ಯನೆಂಬ ವೀರನ ಕಲ್ಲು ದೊರೆಯಿತು. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಶಾಸನವದು. ಅಲ್ಲಿನ ನಿವಾಸಿಗಳೇ ಮುಂದೆ ನಿಂತು ಅದಕ್ಕೊಂದು ಮಂಟಪ ಕಟ್ಟಿಸಿದರು. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ ಈ ಕಲ್ಲುಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಸಿ ಇಡುವ ಯೋಜನೆ ಕೈಗೊಂಡಿತು. ಹುಡುಕುವ ಕಣ್ಣು ನಾಗರಿಕರದು, ಓದುವ ವಿದ್ಯೆ ಶಾಸನತಜ್ಞರದು, ಯಂತ್ರ ಮತ್ತು ಭಂಡಾರ ಸಂಸ್ಥೆಯದು, ಕಾವಲು ಬಡಾವಣೆಯದು. ಇವರಲ್ಲಿ ಯಾರೊಬ್ಬರು ಇಲ್ಲದಿದ್ದರೂ ಕೆಲಸ ಅರ್ಧದಲ್ಲಿ ನಿಲ್ಲುತ್ತಿತ್ತು.

ಎರಡನೆಯ ಉದಾಹರಣೆ ಹಣಕ್ಕೆ ಸಂಬಂಧಿಸಿದ್ದು. ಹಳೆಯ ದೇವಾಲಯಗಳ ದುರಸ್ತಿಗೆ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ಅನುಸರಿಸಿದ ಕ್ರಮದಲ್ಲಿ ವೆಚ್ಚದ ಶೇಕಡ 40 ಸರ್ಕಾರದ್ದು, ಶೇಕಡ 40 ಟ್ರಸ್ಟಿನದು, ಉಳಿದ 20 ಊರವರದು. ಆ 20ರಲ್ಲೇ ಇದರ ಗುಟ್ಟಿದೆ. ತಮ್ಮ ದುಡ್ಡು, ತಮ್ಮ ಬೆವರು ಸೇರಿದ ಗುಡಿಯನ್ನು ಊರವರು ಬೀಳಲು ಬಿಡುವುದಿಲ್ಲ. ಮೂರನೆಯದು ಕೆಳದಿ. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ ಗುಂಡಾ ಜೋಯಿಸರು ಕೂಡಿಹಾಕಿದ ಹಸ್ತಪ್ರತಿ, ಕಾಗದಪತ್ರಗಳು ವಸ್ತುಸಂಗ್ರಹಾಲಯವಾಗಿ, ಕುವೆಂಪು ವಿಶ್ವವಿದ್ಯಾಲಯದ ಆಶ್ರಯ ಪಡೆದವು. ವಸ್ತುಗಳು ರಾಜಧಾನಿಗೆ ಹೋಗಲಿಲ್ಲ. ಸಂಶೋಧಕರೇ ಕೆಳದಿಗೆ ಬಂದರು. ಕರ್ನಾಟಕ ಇತಿಹಾಸ ಅಕಾದೆಮಿ ತನ್ನ ವಾರ್ಷಿಕ ಸಮ್ಮೇಳನಗಳನ್ನು ಬೇರೆ ಬೇರೆ ಊರುಗಳಲ್ಲಿ ನಡೆಸಿ, ಹವ್ಯಾಸಿ ಸಂಶೋಧಕರ ಬರಹಗಳನ್ನೂ ‘ಇತಿಹಾಸ ದರ್ಶನ’ ಸಂಪುಟಗಳಲ್ಲಿ ಅಚ್ಚುಮಾಡುತ್ತ ಬಂದಿರುವುದೂ ಇದೇ ಸಾಲಿಗೆ ಸೇರುವ ಕೆಲಸ.

ಹೊರನಾಡಿನ ಒಂದು ಮಾತು. ಇಂಗ್ಲೆಂಡಿನಲ್ಲಿ 1899ರಲ್ಲಿ, ಎಂದರೆ ರೈಸ್ ಇಲ್ಲಿ ಶಾಸನ ಸಂಪುಟಗಳನ್ನು ತರುತ್ತಿದ್ದ ಕಾಲದಲ್ಲೇ, ಪ್ರತಿ ಕೌಂಟಿಯ ಪ್ರತಿ ಹಳ್ಳಿಯ ಚರಿತ್ರೆ ಬರೆಯುವ ‘ವಿಕ್ಟೋರಿಯಾ ಕೌಂಟಿ ಹಿಸ್ಟರಿ’ ಎಂಬ ಯೋಜನೆ ಆರಂಭವಾಯಿತು. ಶತಮಾನ ದಾಟಿದರೂ ಅದು ಮುಗಿದಿಲ್ಲ. ಲಂಡನ್ ವಿಶ್ವವಿದ್ಯಾಲಯ ಅದರ ಶಿಸ್ತನ್ನು ನೋಡಿಕೊಂಡರೆ, ಆಯಾ ಕೌಂಟಿಯ ಟ್ರಸ್ಟುಗಳು, ಸ್ವಯಂಸೇವಕರು ಕೆಲಸವನ್ನು ಮುಂದುವರಿಸುತ್ತಾರೆ. ಕೇಂದ್ರದಲ್ಲಿ ಒಂದೇ ಕ್ರಮ, ಸ್ಥಳದಲ್ಲಿ ಹಲವು ಕೈಗಳು ಎಂಬುದು ಅದರ ತತ್ತ್ವ. ಅದು ಈ ನಾಡಿಗೆ ಹೊಸದೇನಲ್ಲ. ರಥೋತ್ಸವ ನಡೆಯುವುದೂ ಇದೇ ತತ್ತ್ವದ ಮೇಲೆ. ಗೊನೆ ತರುವವರು, ಹಗ್ಗ ಹಿಡಿಯುವವರು, ಗಾಲಿಗೆ ಸನ್ನೆ ಹಾಕುವವರು, ಪೂಜೆ ಮಾಡುವವರು ಬೇರೆ ಬೇರೆ. ತೇರು ಮಾತ್ರ ಒಂದೇ.

ಕೂಡುವುದೆಂದರೆ ಏನು

ಸಂಸ್ಥೆಗಳು ಕೂಡುವುದೆಂದರೆ ಒಂದೇ ವೇದಿಕೆಯಲ್ಲಿ ಕುಳಿತು ಹಾರ ಹಾಕಿಸಿಕೊಳ್ಳುವುದೆಂದು ತಿಳಿಯುವುದುಂಟು. ಅದರಿಂದ ಕಲ್ಲು ಉಳಿಯುವುದಿಲ್ಲ. ಮೊದಲು ಬೇಕಾದದ್ದು ಒಂದು ಸಾಮಾನ್ಯ ಪಟ್ಟಿ. ಊರಿನಲ್ಲಿ ಏನಿದೆ, ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ, ಅಚ್ಚಾಗಿದ್ದರೆ ಯಾವ ಸಂಪುಟದ ಯಾವ ಸಂಖ್ಯೆ, ಯಾರ ಜಾಗದಲ್ಲಿದೆ ಇಷ್ಟನ್ನು ಬರೆದಿಡಬೇಕು. ಊರಿನ ಹೆಸರಿನ ಎಲ್ಲ ರೂಪಗಳೂ ಅದರಲ್ಲಿರಬೇಕು. ಪಟ್ಟಿಯ ಒಂದು ಪ್ರತಿ ಪಂಚಾಯಿತಿಯಲ್ಲಿ, ಒಂದು ಶಾಲೆಯಲ್ಲಿ, ಒಂದು ದೇವಸ್ಥಾನದ ಸಮಿತಿಯಲ್ಲಿ, ಒಂದು ಜಿಲ್ಲಾ ವಸ್ತುಸಂಗ್ರಹಾಲಯದಲ್ಲಿ ಇರಬೇಕು. ಕೆರೆ ಕೆಲಸಕ್ಕೆ ಗುತ್ತಿಗೆದಾರ ಬಂದಾಗ ಪಂಚಾಯಿತಿ ಆ ಪಟ್ಟಿಯನ್ನು ತೆರೆದು, ಇಲ್ಲಿ ಕಲ್ಲಿದೆ, ಜೋಪಾನ ಎಂದು ಹೇಳುವಂತಾದರೆ ಅರ್ಧ ಗೆದ್ದಂತೆ. ಇದಕ್ಕೆ ಅನುದಾನ ಬೇಕಿಲ್ಲ. ಒಂದು ನೋಟುಪುಸ್ತಕ, ಒಂದು ಮೊಬೈಲ್ ಕ್ಯಾಮೆರಾ, ಕೆಲವು ಭಾನುವಾರಗಳು ಸಾಕು.

ಎರಡನೆಯದು ಕೆಲಸದ ಹಂಚಿಕೆ. ಶಾಸನ ಓದುವುದು ತಜ್ಞರ ಕೆಲಸ. ಊರವರು ಸುಣ್ಣ, ಸೀಮೆಸುಣ್ಣ ತುಂಬಿ ಓದಲು ಹೋಗಬಾರದು. ಹಾಗೆಯೇ ಹಾಡು, ಐತಿಹ್ಯ, ಹೊಲಗದ್ದೆಗಳ ಹೆಸರುಗಳನ್ನು ಊರವರಷ್ಟು ಚೆನ್ನಾಗಿ ಯಾವ ತಜ್ಞನೂ ಬರೆದುಕೊಳ್ಳಲಾರ. ಹಾಳಾಗುತ್ತಿರುವ ಓಲೆಗರಿಯ ಒಡೆತನ ಮನೆಯವರಲ್ಲೇ ಉಳಿಯಲಿ; ಅದರ ಛಾಯಾಪ್ರತಿ ವಿಶ್ವವಿದ್ಯಾಲಯಕ್ಕೆ ಹೋಗಲಿ. ಕೊಟ್ಟದ್ದು ತಿರುಗಿ ಬರುತ್ತದೆಂಬ ನಂಬಿಕೆ ಇಲ್ಲದೆ ಯಾವ ಮನೆಯೂ ಅಟ್ಟದ ಬಾಗಿಲು ತೆರೆಯುವುದಿಲ್ಲ. ಒಮ್ಮೆ ಓದಲು ಒಯ್ದ ಕಟ್ಟನ್ನು ಹಿಂದಿರುಗಿಸದವನು ಮುಂದೆ ಬರುವ ಹತ್ತು ಸಂಶೋಧಕರ ದಾರಿಯನ್ನೂ ಮುಚ್ಚುತ್ತಾನೆ.

ಇಲ್ಲಿ ಕಷ್ಟಗಳಿಲ್ಲವೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ದೇವಸ್ಥಾನದ ಸಮಿತಿಗೆ ಗುಡಿ ಹೊಸದಾಗಿ ಹೊಳೆಯಬೇಕು, ಇತಿಹಾಸಕಾರನಿಗೆ ಅದು ಇದ್ದಂತೆಯೇ ಇರಬೇಕು. ಇಬ್ಬರಲ್ಲೂ ಪ್ರೀತಿಯಿದೆ, ಪ್ರೀತಿಯ ರೀತಿ ಬೇರೆ. ಮಳೆ ಸೋರುವ ಗುಡಿಯಲ್ಲಿ ಪೂಜೆ ನಡೆಯದು ಎಂಬ ಅರ್ಚಕರ ಮಾತನ್ನು ಸಂಶೋಧಕರು ಕೇಳಬೇಕು. ಸೋರಿಕೆ ನಿಲ್ಲಿಸಲು ಕಂಬ ಬದಲಿಸಬೇಕಿಲ್ಲ ಎಂಬ ಸಂಶೋಧಕರ ಮಾತನ್ನು ಸಮಿತಿ ಕೇಳಬೇಕು. ಇನ್ನೊಂದು ಕಷ್ಟ ಇದಕ್ಕಿಂತ ಸೂಕ್ಷ್ಮವಾದದ್ದು. ಒಂದೊಂದು ಜನವರ್ಗವೂ ತನ್ನ ವೀರನ, ತನ್ನ ಗುರುವಿನ ಚರಿತ್ರೆಯನ್ನು ಮಾತ್ರ ಎತ್ತಿ ಹಿಡಿದರೆ ಉಳಿದವರ ಕಲ್ಲುಗಳು ಅನಾಥವಾಗುತ್ತವೆ. ತುರು ಕಾಯುತ್ತ ಸತ್ತವನ ವೀರಗಲ್ಲಿನಲ್ಲಿ ಅವನ ಕುಲದ ಹೆಸರು ಇಲ್ಲದಿರಬಹುದು. ಊರಿನ ದನ ಉಳಿಸಿದನೆಂಬುದೇ ಅವನ ಪರಿಚಯ. ಅವನನ್ನು ಇಡೀ ಊರು ತನ್ನವನೆನ್ನಬೇಕು. ಹಲವು ಸಂಸ್ಥೆಗಳು ಒಟ್ಟಿಗೆ ಕುಳಿತಾಗ ಇಂಥ ಏಕಪಕ್ಷೀಯತೆಗೆ ತಾನಾಗಿಯೇ ಒಂದು ತಡೆ ಬೀಳುತ್ತದೆ. ಒಬ್ಬರ ಹೇಳಿಕೆಯನ್ನು ಇನ್ನೊಬ್ಬರ ದಾಖಲೆ ಪರೀಕ್ಷಿಸುತ್ತದೆ.

ಜಿಲ್ಲಾ ಕೇಂದ್ರದಲ್ಲಿ ಕೋಟೆಯಿದೆ, ವಸ್ತುಸಂಗ್ರಹಾಲಯವಿದೆ, ವಿದ್ವಾಂಸರಿದ್ದಾರೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಸಾಹಿತ್ಯ ಪರಿಷತ್ತಿನ ಘಟಕಗಳಿವೆ, ಕಾಲೇಜುಗಳಿವೆ. ಸುತ್ತ ಮಠಗಳಿವೆ, ಹಟ್ಟಿಗಳಿವೆ, ದೇವಸ್ಥಾನಗಳಿವೆ. ಇವುಗಳ ನಡುವೆ ಇರುವ ಹೊರಕೆರೆದೇವಪುರದಂಥ ಊರು ಯಾವ ಸಂಸ್ಥೆಗೂ ಕೇಂದ್ರವಲ್ಲ. ಎಲ್ಲ ಸಂಸ್ಥೆಗಳ ಗಡಿ ಬಂದು ಸೇರುವ ಸ್ಥಳ ಅದು. ಗಡಿಯಲ್ಲಿರುವುದೇ ಮೊದಲು ಮರೆಯಾಗುವುದು. ಆದ್ದರಿಂದ ಕೂಡಿ ಮಾಡುವ ಕೆಲಸವನ್ನು ಗಡಿಯಿಂದಲೇ ಆರಂಭಿಸುವುದು ಒಳ್ಳೆಯದು. ಒಂದು ಊರಿನ ಕಲ್ಲು, ಕೆರೆ, ಕಡತ, ಹಾಡುಗಳ ಪಟ್ಟಿ ಒಂದು ವರ್ಷದಲ್ಲಿ ಸಿದ್ಧವಾದರೆ ಪಕ್ಕದ ಊರಿಗೆ ಅದೇ ಮಾದರಿಯಾಗುತ್ತದೆ. ಊರಿನಲ್ಲಿ ಎಂಬತ್ತು ದಾಟಿದವರು ಇನ್ನೂ ಇರುವಾಗಲೇ, ಈ ಬೇಸಿಗೆಯಲ್ಲಿ ಹೂಳೆತ್ತುವ ಯಂತ್ರ ಕೆರೆಗೆ ಇಳಿಯುವ ಮೊದಲೇ, ಆ ಪಟ್ಟಿಯ ಮೊದಲ ಪುಟ ಬರೆಯಬೇಕು.